ಅಳತೆ ಬ್ಲೌಸ್

ನಮ್ಮ ಚಿಕ್ಕಮ್ಮ ಇಪ್ಪತ್ತು ವರ್ಷ ಒಂದೇ ಅಳತೆ ಬ್ಲೌಸ್ ಇಟ್ಟುಕೊಂಡಿದ್ದರು. ಮಾಸಲು ಹಸಿರಿನ, ಕಂಕುಳಲ್ಲಿ ಬಣ್ಣ ಹೋದ ರವಿಕೆ. ಹೊಸ ಸೀರೆ ಬಂದಾಗಲೆಲ್ಲ ಬ್ಲೌಸ್ ಪೀಸಿನೊಳಗೆ ಅದನ್ನು ಸುತ್ತಿ ಟೈಲರ್ ಅಂಗಡಿಗೆ ಕಳಿಸಿದರೆ ಮುಗಿಯಿತು, ತಾವು ಹೋಗುವ ಪ್ರಮೇಯವೇ ಇಲ್ಲ. ಬಲಗಡೆ ಆಪರೇಷನ್ ಆಗಿ ಏಳು ತಿಂಗಳಾಗಿತ್ತು. ಅಣ್ಣನ ಮಗನ ಮದುವೆಗೆ ಸೀರೆ ಬಂತು. ರೂಢಿಯಂತೆ ಹಸಿರು ರವಿಕೆ ಸುತ್ತಿ ನನ್ನ ಕೈಗೆ ಕೊಟ್ಟವರು, ನಾನು ಹೊಸಿಲು ದಾಟುವಷ್ಟರಲ್ಲಿ "ತಾರೇ ಇಲ್ಲಿ" ಎಂದು ಇಸಿದುಕೊಂಡರು. "ಇದು ಇನ್ನು ನನ್ನ ಅಳತೆ ಅಲ್ಲ."

ಇಬ್ಬರೂ ಹೋದೆವು. ಟೈಲರ್ ಹೆಂಗಸು ಟೇಪು ಹಿಡಿದು ಭುಜ, ತೋಳು, ಉದ್ದ ಎಲ್ಲ ಬರೆದುಕೊಂಡಳು. ಎದೆಸುತ್ತಿಗೆ ಬಂದಾಗ ಒಂದು ಗಳಿಗೆ ನಿಂತಳು. ಆಮೇಲೆ, ಕುತ್ತಿಗೆ ಎಷ್ಟು ಇಳಿಸಲಿ ಎಂದು ಕೇಳುವ ದನಿಯಲ್ಲೇ, "ಟೀಚರಮ್ಮ, ಬಲಗಡೆ ಟಕ್ಸ್ ಹಿಡೀಲಾ, ಬೇಡ್ವಾ?" ಎಂದಳು. ಗಡ್ಡೆ ಸಿಕ್ಕ ದಿನದಿಂದ ಅಲ್ಲಿಯವರೆಗೆ ಆ ಜಾಗ ಹೇಗಿರಬೇಕು ಎಂದು ಚಿಕ್ಕಮ್ಮನನ್ನು ಕೇಳಿದ ಮೊದಲ ಮನುಷ್ಯಳು ಅವಳೇ. ಆಸ್ಪತ್ರೆಯಲ್ಲಿ ಎಷ್ಟು ತೆಗೆಯಬೇಕೆಂದು ಹೇಳಿದ್ದರು, ಎಷ್ಟು ಕೀಮೋ ಎಂದು ಹೇಳಿದ್ದರು. ತೆಗೆದ ಮೇಲೆ ಏನು ಎಂಬ ಮಾತು ಅಲ್ಲಿ ಬರಲೇ ಇಲ್ಲ.

2022ರ ಜಾಗತಿಕ ಅಂದಾಜಿನಂತೆ ಆ ಒಂದೇ ವರ್ಷ ಭಾರತದಲ್ಲಿ ಸುಮಾರು 1.92 ಲಕ್ಷ ಹೆಂಗಸರಲ್ಲಿ ಸ್ತನ ಕ್ಯಾನ್ಸರ್ ಹೊಸದಾಗಿ ಪತ್ತೆಯಾಯಿತು. ನಮ್ಮ ದೇಶದ ಹೆಂಗಸರಿಗೆ ಬರುವ ಕ್ಯಾನ್ಸರುಗಳಲ್ಲಿ ಇದೇ ಮೊದಲನೆಯದು. ಗಡ್ಡೆ ದೊಡ್ಡದಾದ ಮೇಲೆ ಬರುವವರು ನಮ್ಮಲ್ಲಿ ಹೆಚ್ಚು, ಹಾಗಾಗಿ ಪೂರ್ತಿ ತೆಗೆಸಿಕೊಳ್ಳಬೇಕಾದವರೂ ಹೆಚ್ಚು. ಆಸ್ಪತ್ರೆಯಿಂದ ಮನೆಗೆ ಬಂದವರಿಗೆ ಎಲ್ಲರದೂ ಒಂದೇ ಸಮಾಧಾನ: "ಜೀವ ಉಳೀತಲ್ಲ, ಅಷ್ಟು ಸಾಕು." ಮಾತು ಸುಳ್ಳಲ್ಲ. ಆದರೆ ಬಾಯಿ ಮುಚ್ಚಿಸಲು ಇದಕ್ಕಿಂತ ಒಳ್ಳೆಯ ಮಾತೂ ಇಲ್ಲ. ಭುಜ ನೋಯುತ್ತದೆ, ಕನ್ನಡಿ ನೋಡಲಾಗುವುದಿಲ್ಲ ಎಂದು ಆಮೇಲೆ ಹೇಳಹೊರಟರೆ ಕೃತಘ್ನತೆಯಂತೆ ಕೇಳಿಸುತ್ತದೆ.

ಹೇಳಲು ಪದವಾದರೂ ಎಲ್ಲಿದೆ? 'ಸ್ತನ' ಪುಸ್ತಕದ ಮಾತು, ಡಾಕ್ಟರ ಎದುರಿಗೂ ನಾಲಿಗೆ ಹೊರಳುವುದಿಲ್ಲ. ಅಚ್ಚಗನ್ನಡದ 'ಮೊಲೆ'ಯನ್ನು ನಾವು ಬೈಗುಳದ ಸಾಲಿಗೆ ಸೇರಿಸಿಬಿಟ್ಟಿದ್ದೇವೆ. ಹಸುಗೂಸಿನ ವಿಷಯ ಬಂದಾಗ ಮಾತ್ರ ಅದಕ್ಕೆ ಮಾಫಿ. ಉಳಿದದ್ದು 'ಎದೆ', ಇಲ್ಲವೇ ಬರೀ 'ಅದು'. ನಮ್ಮ ಮನೆಯಲ್ಲಿ ಎರಡು ವರ್ಷ ಆ ಕಾಯಿಲೆ 'ಅದು' ಎಂಬ ಎರಡಕ್ಷರದಲ್ಲೇ ಓಡಾಡಿತು. ಬಿ.ವಿ. ಭಾರತಿ 'ಸಾಸಿವೆ ತಂದವಳು' ಎಂದು ತಮ್ಮ ಕ್ಯಾನ್ಸರಿನ ಅನುಭವವನ್ನು ಕನ್ನಡದಲ್ಲಿ ಪುಸ್ತಕವಾಗಿಯೇ ಬರೆದಾಗ ಎಷ್ಟೋ ಹೆಂಗಸರಿಗೆ ಉಸಿರು ಬಿಟ್ಟಂತಾಗಿದ್ದರೆ ಆಶ್ಚರ್ಯವಿಲ್ಲ.

ಚಿಕ್ಕಮ್ಮನಿಗೆ ಮೊದಲು ತೊಡಕಾದದ್ದು ಎದೆಯಲ್ಲ, ಕೈ. ಕಂಕುಳಿನ ಗ್ರಂಥಿಗಳನ್ನೂ ತೆಗೆದಿದ್ದರಿಂದ ಬಲಗೈ ಭುಜದ ಮೇಲಕ್ಕೆ ಏಳುತ್ತಿರಲಿಲ್ಲ. ಕಂಕುಳಿಂದ ಮೊಣಕೈವರೆಗೆ ಚರ್ಮದಡಿ ಹಗ್ಗ ಎಳೆದಂತೆ ಬಿಗಿತ. ಪ್ರೈಮರಿ ಶಾಲೆಯ ಟೀಚರ್ ಅವರು. ಕೆಲಸಕ್ಕೆ ಮರಳಿದ ಮೊದಲ ತಿಂಗಳು ಕರಿಹಲಗೆಯ ಕೆಳಗಿನ ಅರ್ಧದಲ್ಲಿ ಮಾತ್ರ ಬರೆದರು. ಹಿಂದಿನ ಬೆಂಚಿನ ಮಕ್ಕಳು "ಮಿಸ್, ಕಾಣಲ್ಲ" ಎಂದು ಎದ್ದು ನಿಲ್ಲುತ್ತಿದ್ದವಂತೆ. ಗೋಡೆಗೆ ಮುಖ ಮಾಡಿ ನಿಂತು, ಬೆರಳುಗಳನ್ನು ಜೇಡದಂತೆ ಮೇಲಕ್ಕೆ ಹತ್ತಿಸುವ ವ್ಯಾಯಾಮವನ್ನು ಫಿಸಿಯೋಥೆರಪಿಯವರು ಹೇಳಿಕೊಟ್ಟಿದ್ದರು. ಚಿಕ್ಕಮ್ಮ ಅದನ್ನು ಹಲಗೆಯ ಮೇಲೇ ಮಾಡಿದರು. ದಿನವೂ ತಾರೀಖನ್ನು ಒಂದು ಬೆರಳು ಮೇಲೆ ಬರೆಯುವುದು, ಆಗದಿದ್ದರೆ ನಿನ್ನೆಯ ಜಾಗದಲ್ಲೇ. ಬೇಸಿಗೆ ರಜೆಯ ಹೊತ್ತಿಗೆ ತಾರೀಖು ಹಲಗೆಯ ನೆತ್ತಿ ಮುಟ್ಟಿತ್ತು.

ಆ ಕೈಗೆ ಬಾವಿನ ಭಯ ಆಯುಷ್ಯಪೂರ್ತಿ ಇರುತ್ತದೆ. ಗ್ರಂಥಿಗಳಿಲ್ಲದ ಕಡೆ ದುಗ್ಧರಸ ಹರಿದುಹೋಗಲು ದಾರಿ ಸಾಲದೆ ಕೈ ಊದಿಕೊಳ್ಳಬಹುದು. ಆಪರೇಷನ್ ಆಗಿ ವರ್ಷಗಳೇ ಕಳೆದ ಮೇಲೂ ಬರಬಹುದು. ಹಾಗಾಗಿ ಬಿಗಿ ಬಳೆ ಬೇಡ, ತೋಳು ಕಚ್ಚುವ ರವಿಕೆ ಬೇಡ, ತರಕಾರಿ ಹೆಚ್ಚುವಾಗ ಗಾಯವಾದರೆ ಉಪೇಕ್ಷೆ ಬೇಡ. ಮುಖ್ಯವಾದ ಒಂದೆರಡು ಗ್ರಂಥಿಗಳನ್ನಷ್ಟೇ ಮೊದಲು ತೆಗೆದು ಪರೀಕ್ಷಿಸುವ ಪದ್ಧತಿ ಬಂದ ಮೇಲೆ ಎಷ್ಟೋ ಜನರಿಗೆ ಈ ತೊಂದರೆ ತಪ್ಪಿದೆ. ಹಳೆಯ ಕಾಲದವರ ಪಾಡು ಇನ್ನೂ ಕಷ್ಟದ್ದು. 1882ರಲ್ಲಿ ಅಮೆರಿಕದ ವಿಲಿಯಂ ಹಾಲ್‌ಸ್ಟೆಡ್ ಆರಂಭಿಸಿದ ಶಸ್ತ್ರಚಿಕಿತ್ಸೆಯಲ್ಲಿ ಸ್ತನದ ಜೊತೆ ಎದೆಯ ಮಾಂಸಖಂಡವನ್ನೂ ಬಗೆದು ತೆಗೆಯುತ್ತಿದ್ದರು, ಪಕ್ಕೆಲುಬು ಎಣಿಸಬಹುದಾದಷ್ಟು ಗುಳಿ ಉಳಿಯುತ್ತಿತ್ತು. ಸಣ್ಣ ಗಡ್ಡೆಯಾದರೆ ಅಷ್ಟನ್ನೇ ತೆಗೆದು ರೇಡಿಯೇಷನ್ ಕೊಟ್ಟರೂ ಆಯುಷ್ಯ ಅಷ್ಟೇ ಎಂದು ಬರ್ನಾರ್ಡ್ ಫಿಶರ್ ತಂಡ ಅಂಕಿಅಂಶ ಸಮೇತ ತೋರಿಸಿದ್ದು 1985ರಲ್ಲಿ. ನಡುವಿನ ನೂರು ವರ್ಷದಲ್ಲಿ ಎಷ್ಟು ಹೆಂಗಸರು ಅಗತ್ಯಕ್ಕಿಂತ ಹೆಚ್ಚು ಕಳೆದುಕೊಂಡರೋ!

ಸೀರೆಯದು ಬೇರೆಯದೇ ಕಥೆ. ಸೆರಗು ಹಾಯುವುದು ಎಡಭುಜದ ಮೇಲೆ, ಎಡಗಡೆಯದೆಲ್ಲ ಅದರಡಿ ಅಡಗುತ್ತದೆ. ಬಲಗಡೆ ಅರ್ಧ ಬಯಲು. "ಹೋಗೋದು ಹೋಯ್ತು, ಎಡಗಡೆದಾದ್ರೂ ಹೋಗಬಾರದಿತ್ತಾ" ಎಂದು ಚಿಕ್ಕಮ್ಮ ನಗುತ್ತಲೇ ಹೇಳಿದ್ದರು. ಒಂದು ಬದಿ ಹಗುರಾದರೆ ಮೈಯ ತೂಕವೂ ತಪ್ಪುತ್ತದೆ. ಒಂದು ಭುಜ ಮೇಲಾಗುತ್ತದೆ, ಕತ್ತು ಬೆನ್ನು ಹಿಡಿಯುತ್ತದೆ. ಅಂಗಡಿಯ ಸಿಲಿಕೋನ್ ಎದೆ ದುಬಾರಿ, ಮೇಲೆ ಏಪ್ರಿಲ್ ತಿಂಗಳ ಬೆವರು. ಚಿಕ್ಕಮ್ಮ ತಾವೇ ಹಳೆ ಪಂಚೆಯ ಬಟ್ಟೆಯಲ್ಲಿ ಚೀಲ ಹೊಲಿದು ರಾಗಿ ತುಂಬಿಕೊಂಡರು. ತೂಕ ಸರಿಹೋಯಿತು, ಆಕಾರವೂ ಕೂತಿತು. ಒಂದು ಮಧ್ಯಾಹ್ನ ಶಾಲೆಯಿಂದ ಬಂದವರೇ ಚೀಲ ತೆಗೆದು ಬಿಸಿಲಿಗೆ ಹಾಕಿದರು: "ಹೀಗೇ ಬಿಟ್ರೆ ಮೊಳಕೆ ಬರುತ್ತೆ ಕಣೇ." ಆಮೇಲೆ ಹತ್ತಿ, ಕೊನೆಗೆ ಯಾರೋ ಕಳಿಸಿಕೊಟ್ಟ, ನೂಲಿನಲ್ಲಿ ಹೆಣೆದ ಹಗುರದ ಎದೆ.

ಇದೇ ಪರದಾಟವನ್ನು ಬಾರ್ಬಿ ಗೊಂಬೆ ಹುಟ್ಟಿಸಿದ ರೂತ್ ಹ್ಯಾಂಡ್ಲರ್ ಕೂಡ ಪಟ್ಟವರು. 1970ರಲ್ಲಿ ಅವರ ಎದೆ ತೆಗೆದಾಗ ಅಮೆರಿಕದ ಅಂಗಡಿಯಲ್ಲಿ ಸಿಕ್ಕ ಕೃತಕ ಎದೆಗೆ ಎಡ ಬಲ ಎಂಬುದೇ ಇರಲಿಲ್ಲ. ಚಪ್ಪಲಿಗೆ ಇರುವ ಮರ್ಯಾದೆ ಇದಕ್ಕಿಲ್ಲವೇ ಎಂದುಕೊಂಡವರಂತೆ, ಎಡಕ್ಕೊಂದು ಬಲಕ್ಕೊಂದು ಬೇರೆಬೇರೆಯಾಗಿ ಮಾಡಿಸಿ, ತಾವೇ ಕಂಪನಿ ಕಟ್ಟಿ ಮಾರಿದರು. ಸಪೂರ ಸೊಂಟದ ಆ ಗೊಂಬೆಗಿಂತ ಅವರ ಈ ಕೆಲಸ ನನಗೆ ದೊಡ್ಡದಾಗಿ ಕಾಣುತ್ತದೆ.

ಕೃತಕವಾದದ್ದು ಬೇಡವೇ ಬೇಡ ಎಂದವರೂ ಇದ್ದಾರೆ. ಕಪ್ಪು ಜನಾಂಗದ ಕವಯಿತ್ರಿ ಆಡ್ರೆ ಲಾರ್ಡ್ 1978ರಲ್ಲಿ ಒಂದು ಎದೆ ತೆಗೆಸಿಕೊಂಡು, ಕೆಲವೇ ದಿನಕ್ಕೆ ಡಾಕ್ಟರ ಬಳಿ ಹಾಗೇ ಹೋದರು. ಏನಾದರೂ ತುಂಬಿಕೊಂಡು ಬನ್ನಿ, ಇಲ್ಲದಿದ್ದರೆ ಇಲ್ಲಿನವರ ಧೈರ್ಯ ಕುಗ್ಗುತ್ತದೆ ಎಂದು ನರ್ಸ್ ತಾಕೀತು ಮಾಡಿದಳು. ಇಸ್ರೇಲಿನ ಸೇನಾನಿ ಮೋಶೆ ದಯಾನ್ ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡೇ ಲೋಕ ಸುತ್ತುತ್ತಾರಲ್ಲ, ಗಾಜಿನ ಕಣ್ಣು ಹಾಕಿಸಿಕೋ ಎಂದು ಅವರಿಗೆ ಯಾರೂ ಹೇಳುವುದಿಲ್ಲವಲ್ಲ ಎಂದು ಲಾರ್ಡ್ 1980ರ ತಮ್ಮ ಪುಸ್ತಕದಲ್ಲಿ ಕೇಳಿದರು. ಯುದ್ಧದಲ್ಲಿ ಗಂಡಸಿಗಾದ ಗಾಯ ಪದಕ, ಹೆಂಗಸಿಗಾದದ್ದು ಮುಚ್ಚಿಡಬೇಕಾದ ಕುಂದು. ಅವರ ಕೋಪ ನ್ಯಾಯವಾದದ್ದು. ಆದರೆ ಅದನ್ನೇ ಎಲ್ಲರಿಗೂ ಕಟ್ಟಳೆ ಮಾಡಲು ನನಗೆ ಮನಸ್ಸಿಲ್ಲ. ಟೈಲರ್ ಕೇಳಿದ ಪ್ರಶ್ನೆಗೆ ಚಿಕ್ಕಮ್ಮ ಕೊಟ್ಟ ಉತ್ತರ ನನಗೆ ಹೆಚ್ಚು ಒಪ್ಪಿಗೆ: "ಎರಡು ಥರಾನೂ ಒಂದೊಂದು ಹೊಲಿ. ಟಕ್ಸ್ ಇರೋದು ಮದುವೆಗೆ, ಇಲ್ಲದ್ದು ಮನೆಗೆ."

ಬೆಂಗಳೂರಿನ ನನ್ನ ಗೆಳತಿ ಹಿಡಿದದ್ದು ಮೂರನೆಯ ದಾರಿ. ಬ್ಯಾಂಕಿನಲ್ಲಿ ಕೆಲಸ, ಆಗ 41 ವರ್ಷ. ಎದೆಯನ್ನು ಮತ್ತೆ ಕಟ್ಟಿಸಿಕೊಂಡಳು. ಹಾಗೆ ಕಟ್ಟಲು ಸಿಲಿಕೋನ್ ಇಂಪ್ಲಾಂಟ್ ಒಂದು ಬಗೆ. ಸಾಮಾನ್ಯವಾಗಿ ಮೊದಲು ಒಳಗೆ ಖಾಲಿ ಚೀಲವಿಟ್ಟು, ವಾರಗಟ್ಟಲೆ ಸ್ವಲ್ಪಸ್ವಲ್ಪವೇ ಉಪ್ಪುನೀರು ತುಂಬಿ ಚರ್ಮ ಹಿಗ್ಗಿಸಿ, ಆಮೇಲೆ ಇಂಪ್ಲಾಂಟ್ ಕೂರಿಸುತ್ತಾರೆ. ಅದು ಜೀವಮಾನವಿಡೀ ಬಾಳುವುದಲ್ಲ, ಆಗಾಗ ಸ್ಕ್ಯಾನ್ ಬೇಕು. ರೇಡಿಯೇಷನ್ ಆದವರಲ್ಲಿ ಸುತ್ತಲಿನ ಪೊರೆ ಗಟ್ಟಿಯಾಗಿ ಹಿಂಡುವ ಸಾಧ್ಯತೆ ಹೆಚ್ಚು. ಮೇಲ್ಮೈ ಒರಟಾಗಿರುವ ಒಂದು ಬಗೆಯಿಂದ ಅಪರೂಪದ ಬೇರೊಂದು ಕ್ಯಾನ್ಸರ್ ಬರುತ್ತದೆಂದು 2019ರಲ್ಲಿ ಅದನ್ನು ಮಾರುಕಟ್ಟೆಯಿಂದ ವಾಪಸ್ ತರಿಸಿದ್ದೂ ಉಂಟು. ನನ್ನ ಗೆಳತಿ ಆರಿಸಿಕೊಂಡದ್ದು ಸ್ವಂತ ಮೈಯದನ್ನು. ಹೊಕ್ಕುಳ ಕೆಳಗಿನ ಚರ್ಮ ಮತ್ತು ಕೊಬ್ಬನ್ನು ರಕ್ತನಾಳ ಸಮೇತ ಬಿಡಿಸಿ ಎದೆಗೆ ತಂದು, ಸೂಕ್ಷ್ಮದರ್ಶಕದಡಿ ಅಲ್ಲಿನ ರಕ್ತನಾಳಕ್ಕೆ ಜೋಡಿಸುತ್ತಾರೆ. ಬೆಳಿಗ್ಗೆ ಒಳಗೆ ಹೋದವಳು ಹೊರಗೆ ಬಂದಾಗ ದೀಪ ಹಚ್ಚುವ ಹೊತ್ತು. ಮೊದಲ ರಾತ್ರಿ ಗಂಟೆಗೊಮ್ಮೆ ನರ್ಸ್ ಬಂದು, ಕಟ್ಟಿದ ಎದೆಯಲ್ಲಿ ರಕ್ತ ಹರಿಯುತ್ತಿದೆಯೇ ಎಂದು ಯಂತ್ರವಿಟ್ಟು ಕೇಳಿಸಿಕೊಂಡು ಹೋಗುತ್ತಿದ್ದಳು. ಎರಡು ವಾರ ಬೆನ್ನು ನೆಟ್ಟಗೆ ಮಾಡಲಾಗದೆ ಅಜ್ಜಿಯಂತೆ ಬಾಗಿ ನಡೆದಳು.

"ಪುಕ್ಕಟೆ ಹೊಟ್ಟೆ ಕರಗ್ತು ಬಿಡು" ಎಂದು ಒಬ್ಬಿಬ್ಬರಲ್ಲ, ಹತ್ತಾರು ಜನ ಅಂದರಂತೆ. ಈ ಸೊಂಟದಿಂದ ಆ ಸೊಂಟದವರೆಗೆ ಹೊಲಿಗೆ ಗುರುತು ಹೊತ್ತವಳಿಗೆ ಹೇಳುವ ಮಾತೇ ಅದು? ಅವಳೇ ತನ್ನ ಬಗ್ಗೆ ಗೇಲಿ ಮಾಡಿಕೊಳ್ಳುವುದು ಬೇರೆ. ಹೊಟ್ಟೆಯ ಕೊಬ್ಬು ಎದೆಗೆ ಬಂದರೂ ತನ್ನ ಗುಣ ಮರೆಯುವುದಿಲ್ಲ. ಮೈ ಬಂದರೆ ಅದೂ ಬೆಳೆಯುತ್ತದೆ. "ಹೋಳಿಗೆ ತಿಂದದ್ದು ಈಗ ಎಲ್ಲಿಗೆ ಹೋಗುತ್ತೆ ಅಂತ ನಂಗೆ ಗೊತ್ತು" ಎನ್ನುತ್ತಾಳೆ.

ಅವಳಿಗೆ ಯಾರೂ ಮೊದಲೇ ಬಿಡಿಸಿ ಹೇಳದ ಸಂಗತಿ ಒಂದಿತ್ತು. ಕಟ್ಟಿದ ಎದೆ ನೋಡಲು ಎದೆ, ಮುಟ್ಟಿದರೆ ಜೋಮು. ಸ್ತನದ ಜೊತೆ ನರಗಳೂ ಕತ್ತರಿಸಿ ಹೋಗಿರುತ್ತವೆ. ಸ್ಪರ್ಶ ಸ್ವಲ್ಪ ಮರಳಿದರೂ ಮೊದಲಿನಂತೆ ಆಗುವುದು ಅಪರೂಪ. ಒಮ್ಮೆ ಹೊಟ್ಟೆನೋವು ಬಂದಾಗ ಬಿಸಿನೀರಿನ ಚೀಲ ಅಪ್ಪಿಕೊಂಡು ಮಲಗಿ ಎದ್ದರೆ ಎದೆಯ ಮೇಲೆ ಬೊಬ್ಬೆ. ಸುಟ್ಟದ್ದು ಅವಳಿಗೆ ಗೊತ್ತೇ ಆಗಿರಲಿಲ್ಲ. ಈಗ ಒಗ್ಗರಣೆ ಹಾಕುವಾಗ ಒಂದು ಹೆಜ್ಜೆ ಹಿಂದೆ ನಿಲ್ಲುತ್ತಾಳೆ, ಸ್ನಾನದ ನೀರನ್ನು ಮೊದಲು ಕೈಯಿಂದ ಮುಟ್ಟಿ ನೋಡುತ್ತಾಳೆ. ಮೊದಮೊದಲು ಗಂಡ ಆ ಕಡೆ ಕೈ ತರಲು ಹೆದರುತ್ತಿದ್ದನಂತೆ, ನೋವಾದೀತು ಎಂದು. ಅವಳಿಗೆ ಅದು ಅಸಹ್ಯದಂತೆ ಕಂಡು ಎರಡು ತಿಂಗಳು ಮಾತೇ ಬಿಟ್ಟಿದ್ದಳು. ಕೊನೆಗೆ ಅವನೇ ಕೇಳಿದನಂತೆ: "ಎಲ್ಲಿ ಗೊತ್ತಾಗುತ್ತೆ, ಎಲ್ಲಿ ಗೊತ್ತಾಗಲ್ಲ, ತೋರಿಸು." ಆ ರಾತ್ರಿ ಇಬ್ಬರೂ ಕೂತು ಬೆರಳಲ್ಲಿ ಗಡಿ ಗುರುತು ಹಾಕಿದರು.

ಕಟ್ಟಿಸಿಕೊಂಡದ್ದಕ್ಕೆ ಪಶ್ಚಾತ್ತಾಪವಿದೆಯೇ ಎಂದು ಕೇಳಿದೆ. ಇಲ್ಲ ಎಂದಳು. ಬೆಳಿಗ್ಗೆ ಎದ್ದ ಕೂಡಲೇ ಕ್ಯಾನ್ಸರ್ ನೆನಪಾಗುತ್ತಿತ್ತು, ಈಗ ಮೊದಲು ಹಾಲಿನವನ ನೆನಪಾಗುತ್ತದೆ, ಅಷ್ಟು ಸಾಕು ಎಂದಳು. "ಆದರೆ 'ಮೊದಲಿನ ಥರಾನೇ ಆಗುತ್ತೆ' ಅಂದಿದ್ರಲ್ಲ, ಅದು ಸುಳ್ಳು. ಇದು ಹೊಸದು. ಹೊಸ ಮನೆ ಥರ, ಸ್ವಿಚ್ ಎಲ್ಲಿದೆ ಅಂತ ಕತ್ತಲಲ್ಲಿ ತಡಕಬೇಕು."

ಅವಳ ಆಪರೇಷನ್‌ಗೆ ಮೊದಲು ವಿಮೆಯ ಕಡೆಯವರೊಬ್ಬರು ಫೋನಿನಲ್ಲಿ "ಇದು ಬ್ಯೂಟಿ ಆಪರೇಷನ್, ಬರಲ್ಲ ಮೇಡಂ" ಎಂದುಬಿಟ್ಟಿದ್ದರು. ಅವಳು ಬ್ಯಾಂಕಿನವಳಾದ್ದರಿಂದ ಸಣ್ಣಕ್ಷರ ಓದುವ ಚಟವಿತ್ತು, ಓದಿ ಜಗಳವಾಡಿ ಗೆದ್ದಳು. ಎಲ್ಲರಿಗೂ ಆ ಚಟ ಇರುವುದಿಲ್ಲ. ಮನೆಯಲ್ಲಿ ಯಾರಿಗಾದರೂ ಎದೆ ತೆಗೆಯುವ ಆಪರೇಷನ್ ನಿಗದಿಯಾಗಿದ್ದರೆ, ಮರುರಚನೆ ಈಗಲೇ ಆಗುತ್ತದೆಯೇ, ರೇಡಿಯೇಷನ್ ಮುಗಿದ ಮೇಲೆಯೇ, ಬೇಡವೆಂದರೆ ಹೊಲಿಗೆಯನ್ನು ಮಡಿಕೆ ಉಳಿಯದಂತೆ ಸಮವಾಗಿ ಹಾಕುತ್ತೀರಾ ಎಂದು ಡಾಕ್ಟರನ್ನು ಮುಂಚೆಯೇ ಕೇಳಿ. ವರ್ಷಗಳ ನಂತರವೂ ಕಟ್ಟಿಸಿಕೊಳ್ಳಬಹುದು, ಆತುರವಿಲ್ಲ. ಜೊತೆಗೆ ಆರೋಗ್ಯ ವಿಮೆಯ ಪಾಲಿಸಿ ತೆಗೆದು, ಹೊರಗಿಟ್ಟ ಚಿಕಿತ್ಸೆಗಳ ಪಟ್ಟಿಯಲ್ಲಿ ಕೋಡ್ 08 ಹುಡುಕಿ. ವಿಮಾ ನಿಯಂತ್ರಣ ಪ್ರಾಧಿಕಾರ 2019ರಲ್ಲಿ ಎಲ್ಲ ಕಂಪನಿಗಳಿಗೂ ಗೊತ್ತುಮಾಡಿದ ಒಕ್ಕಣೆ ಅದು. ಸೌಂದರ್ಯಕ್ಕಾಗಿ ಮಾಡಿಸುವ ಪ್ಲಾಸ್ಟಿಕ್ ಸರ್ಜರಿಗೆ ಹಣವಿಲ್ಲ ಎಂದು ಶುರುವಾಗುತ್ತದೆ. ಅಲ್ಲಿಗೇ ನಿಲ್ಲಿಸಬೇಡಿ, ಸಾಲು ಪೂರ್ತಿ ಓದಿ: ಅಪಘಾತ, ಸುಟ್ಟಗಾಯ ಅಥವಾ ಕ್ಯಾನ್ಸರ್ ನಂತರದ ಮರುರಚನೆಯನ್ನು ಅದು ಹೊರಗಿಟ್ಟಿಲ್ಲ.