ಊಟದ ಮೇಜಿನ ಮೇಲೊಂದು ಶಿಮ್ಲಾ ಎಂಜಿನ್

ಕಾಲ್ಕಾ–ಶಿಮ್ಲಾ ಮಾರ್ಗದ ಹಳಿಗಳ ನಡುವಿನ ಅಂತರ 762 ಮಿ.ಮೀ. ಮಾತ್ರ, ಅಂದರೆ ಎರಡೂವರೆ ಅಡಿ. 1903ರಲ್ಲಿ ಶುರುವಾದ ಈ ಗುಡ್ಡಗಾಡಿನ ದಾರಿಯಲ್ಲಿ ಬೋಗಿಗಳನ್ನು ಎಳೆಯುವ ಕೆಲಸ ಬಹುಕಾಲದಿಂದ ಝಡ್‌ಡಿಎಂ-3 ಎಂಬ 700 ಅಶ್ವಶಕ್ತಿಯ ಡೀಸೆಲ್ ಎಂಜಿನ್ನಿನದು. ಮಾದರಿ ರೈಲು ಕಟ್ಟುವ ಹವ್ಯಾಸಿಗೆ ಇದಕ್ಕಿಂತ ಒಳ್ಳೆಯ ಮೊದಲ ಎಂಜಿನ್ ಸಿಗಲಾರದು.

ಲೆಕ್ಕ ನೋಡಿ. ಜಗತ್ತಿನಲ್ಲಿ ಹೆಚ್ಚು ಬಳಕೆಯಲ್ಲಿರುವ ಅಳತೆ ‘ಎಚ್‌ಒ’, ನಿಜದ 87ನೇ ಒಂದು ಭಾಗ. ಆ ಪ್ರಕಾರ ಶಿಮ್ಲಾ ಹಳಿಯ ಅಗಲ 8.76 ಮಿ.ಮೀ. ಆಗುತ್ತದೆ. ಇನ್ನೂ ಚಿಕ್ಕದಾದ, 160ನೇ ಒಂದು ಭಾಗದ ‘ಎನ್’ ಅಳತೆಯ ರೈಲುಗಳು ಓಡುವುದು 9 ಮಿ.ಮೀ. ಹಳಿಯ ಮೇಲೆ. ವ್ಯತ್ಯಾಸ ಕಾಲು ಮಿಲಿಮೀಟರ್! ಹಾಗಾಗಿ ಮೋಟಾರು, ಹಲ್ಲುಗಾಲಿ, ಚಕ್ರಗಳೆಲ್ಲ ಸಿದ್ಧವಿರುವ ‘ಎನ್’ ಷಾಸಿಯೊಂದನ್ನು ಕೊಂಡು, ಅದರ ಮೇಲೆ ದೊಡ್ಡ ಅಳತೆಯ ಮೈಯನ್ನು ಕೂರಿಸಿದರಾಯಿತು. ಹಬೆ ಎಂಜಿನ್ನಾದರೆ ಚಕ್ರದ ಜೊತೆ ಆಡುವ ಕಡ್ಡಿಗಳೆಲ್ಲ ಹೊರಗೇ ಕಾಣುತ್ತವೆ, ಈ ಗುಟ್ಟು ನಡೆಯುವುದು ಕಷ್ಟ. ಡೀಸೆಲ್‌ನಲ್ಲಿ ಚಕ್ರಗಳು ಚೌಕಟ್ಟಿನ ಮರೆಯಲ್ಲಿ ಇರುವುದರಿಂದ ಎರವಲು ಬಯಲಾಗುವುದಿಲ್ಲ.

ಇನ್ನು ತಿರುವು. ಬ್ರಾಡ್‌ಗೇಜಿನ 175 ಮೀಟರ್ ತ್ರಿಜ್ಯದ ತಿರುವನ್ನು ಎಚ್‌ಒದಲ್ಲಿ ನಿಯತ್ತಾಗಿ ಮಾಡಹೊರಟರೆ ಎರಡು ಮೀಟರ್ ತ್ರಿಜ್ಯ ಬೇಕು. ಎರಡು ಬೆಡ್‌ರೂಮಿನ ಮನೆಯಲ್ಲಿ ಅದಕ್ಕೆಲ್ಲಿಯ ಜಾಗ? ಶಿಮ್ಲಾ ದಾರಿಯ ಅತಿ ಕಡಿದಾದ ತಿರುವು ಸುಮಾರು 37.5 ಮೀಟರಿನದು, ಮಾದರಿಯಲ್ಲಿ 43 ಸೆಂ.ಮೀ. ಅಳತೆಯಲ್ಲಿ ಸುಳ್ಳು ಹೇಳದೆ ಊಟದ ಮೇಜಿಗೆ ಹೊಂದುತ್ತದೆ. ಬಂಗಾರಪೇಟೆ–ಕೋಲಾರ–ಚಿಕ್ಕಬಳ್ಳಾಪುರದ ಹಳಿಯೂ ಬ್ರಾಡ್‌ಗೇಜ್ ಆಗುವ ಮುಂಚೆ ಇದೇ ಎರಡೂವರೆ ಅಡಿಯದಾಗಿತ್ತು. ಆ ಹಾದಿಯ ನಿಲ್ದಾಣವೊಂದನ್ನು ಮರುಸೃಷ್ಟಿಸುವ ಆಸೆಯಿದ್ದವರಿಗೂ ಇದೇ 9 ಮಿ.ಮೀ. ಹಳಿ ಸಾಕು.

ಮೈ ಕಟ್ಟಲು ಅರ್ಧ ಮತ್ತು ಒಂದು ಮಿ.ಮೀ. ದಪ್ಪದ ಪ್ಲಾಸ್ಟಿಕ್ ಹಾಳೆ. ಇದನ್ನು ಪೂರ್ತಿ ಕತ್ತರಿಸುವುದಿಲ್ಲ. ಉಕ್ಕಿನ ಅಳತೆಪಟ್ಟಿಯ ಅಂಚಿಗೆ ಚಾಕುವಿನಿಂದ ಗೀರಿ, ಮಡಚಿದರೆ ಲಟಕ್ಕೆಂದು ನೇರವಾಗಿ ಮುರಿಯುತ್ತದೆ. ಅಂಟಿಸುವ ದ್ರಾವಕ ಪ್ಲಾಸ್ಟಿಕ್ಕನ್ನೇ ತುಸು ಕರಗಿಸಿ ಬೆಸೆಯುತ್ತದೆ, ಒಂದು ಹನಿ ಹೆಚ್ಚಾದರೂ ಕಿಟಕಿಯ ಅಂಚು ಸೊಟ್ಟಗಾದೀತು. ಕೈಹಿಡಿ ಕಂಬಿಗಳಿಗೆ 0.4 ಮಿ.ಮೀ. ಹಿತ್ತಾಳೆ ತಂತಿ. ತ್ರೀಡಿ ಮುದ್ರಣದಲ್ಲಿ ಮೈಯನ್ನು ಒಂದೇ ತುಂಡಾಗಿ ತೆಗೆಯಬಹುದು ನಿಜ. ಆದರೆ ಪದರಗಳ ಗೆರೆ ಹೋಗುವ ತನಕ ಉಜ್ಜುತ್ತ ಕೂರಬೇಕು. ಉಳಿಸಿದ ಶ್ರಮವೆಲ್ಲ ಅಲ್ಲಿಗೇ ಹೋಗುತ್ತದೆ ಎಂಬುದು ನನ್ನ ಅನಿಸಿಕೆ.

ಬಣ್ಣ ತೆಳುವಾಗಿ, ಹಲವು ಸಲ. ತಿಳಿಬಣ್ಣ ಮೊದಲು, ಗಾಢ ಆಮೇಲೆ. ಕೊನೆಗೆ ಚಕ್ರದ ಚೌಕಟ್ಟಿನ ಬಳಿ ತುಕ್ಕಿನ ಪುಡಿಬಣ್ಣ, ಹೊಗೆಕೊಳವೆಯ ಸುತ್ತ ಮಸಿ. ಕೈ ತಡೆಯದವರು ಇಲ್ಲೇ ಕೆಡಿಸುವುದು.

ಬಾನೆಟ್ಟಿನೊಳಗೆ ಸೀಸದ ತುಂಡು ತುಂಬುವುದನ್ನು ಮರೆಯುವಂತಿಲ್ಲ. ಹಗುರ ಎಂಜಿನ್ನಿನ ಚಕ್ರ ಹಳಿಗೆ ಸರಿಯಾಗಿ ತಾಗದೆ, ಹಳಿಯಲ್ಲಿ ಬರುವ 12 ವೋಲ್ಟ್ ವಿದ್ಯುತ್ ಮೋಟಾರಿಗೆ ತಲುಪದೆ, ತಿರುವಿನಲ್ಲಿ ಮುಗ್ಗರಿಸಿ ನಿಲ್ಲುತ್ತದೆ. ವೇಗವೂ ಹದದಲ್ಲಿರಬೇಕು. ಗುಡ್ಡ ಹತ್ತುವ ನಿಜವಾದ ಗಾಡಿ ಗಂಟೆಗೆ 25 ಕಿ.ಮೀ. ಹೋಗುತ್ತದೆಂದರೆ, ಮಾದರಿ ಒಂದು ಮೀಟರ್ ದಾಟಲು ಹನ್ನೆರಡು ಸೆಕೆಂಡ್‌ಗೂ ಮೀರಿ ಹಿಡಿಯಬೇಕು. ಹೊಸಬರು ನಾಲ್ಕೇ ಸೆಕೆಂಡಿನಲ್ಲಿ ಓಡಿಸಿಬಿಡುತ್ತಾರೆ.