ಕಿವಿಗೂ ಬೆರಳಿಗೂ ಎಟಕುವ ಪಾಠ

ಕಡೂರು, ತರೀಕೆರೆ, ಅಜ್ಜಂಪುರ ಒಂದಕ್ಕೊಂದು ತಾಗಿಕೊಂಡಿರುವ ಮೂರು ತಾಲ್ಲೂಕುಗಳು. ಇಲ್ಲಿನ ಶಾಲೆಯ ಮೇಷ್ಟ್ರೊಬ್ಬರು ಫೋನಿನಲ್ಲಿ ಆಡುತ್ತಾ ಕಲಿಯುವ ಪಾಠವೊಂದನ್ನು ಸಿದ್ಧಪಡಿಸುತ್ತಾರೆ ಎಂದುಕೊಳ್ಳೋಣ. ಪರದೆಯ ಮೇಲೆ ಮೂರು ಬಣ್ಣದ ನಕ್ಷೆ. ಕೆಳಗೆ ಮೂರು ಚಿತ್ರ: ಲಕ್ಕವಳ್ಳಿಯ ಭದ್ರಾ ಅಣೆಕಟ್ಟು, ಅಮೃತಮಹಲ್ ಹಸು, ಅಯ್ಯನಕೆರೆ. ಒಂದೊಂದನ್ನೂ ಎಳೆದೊಯ್ದು ಅದರ ತಾಲ್ಲೂಕಿನ ಮೇಲೆ ಬಿಡಬೇಕು. ಉತ್ತರ ಸರಿಯಾದರೆ ಹಸಿರು, ತಪ್ಪಿದರೆ ಕೆಂಪು. ಕೊನೆಗೊಂದು ವಿಡಿಯೊ.

ಮಕ್ಕಳು ಮೆಚ್ಚುವ ಪಾಠವೇ ಸರಿ. ಆದರೆ ತರಗತಿಯಲ್ಲಿ ಕಣ್ಣು ಕಾಣದ ಒಂದು ಮಗುವಿದ್ದರೆ? ಅದರ ಪಾಲಿಗೆ ಈ ಪಾಠವೇ ಇಲ್ಲ.

ಅಂಧ ಮಕ್ಕಳು ಫೋನ್ ಬಳಸುವುದು ಸ್ಕ್ರೀನ್ ರೀಡರ್ ಎಂಬ ತಂತ್ರಾಂಶದ ನೆರವಿನಿಂದ. ಆಂಡ್ರಾಯ್ಡ್ ಫೋನುಗಳಲ್ಲಿ ಟಾಕ್‌ಬ್ಯಾಕ್ ಇದೆ. ಕಂಪ್ಯೂಟರಿಗೆ ಎನ್‌ವಿಡಿಎ ಉಚಿತವಾಗಿ ಸಿಗುತ್ತದೆ. 2006ರಲ್ಲಿ ಅದನ್ನು ಬರೆಯಲು ತೊಡಗಿದ ಆಸ್ಟ್ರೇಲಿಯಾದ ಮೈಕಲ್ ಕರನ್ ಸ್ವತಃ ಅಂಧರು. ಈ ತಂತ್ರಾಂಶ ಪರದೆಯನ್ನು ನೋಡುವುದಿಲ್ಲ. ಪುಟದ ಹಿಂದೆ ಅಡಗಿರುವ ಮಾಹಿತಿಯನ್ನು ಓದುತ್ತದೆ. ಪ್ರತಿ ವಸ್ತುವಿನ ಬಗ್ಗೆ ಅದು ಕೇಳುವ ಪ್ರಶ್ನೆ ಮೂರೇ: ಇದರ ಹೆಸರೇನು, ಇದರ ಕೆಲಸವೇನು, ಈಗ ಯಾವ ಸ್ಥಿತಿಯಲ್ಲಿದೆ? ಗುಂಡಿಯನ್ನು ಬರೀ ಚಿತ್ರವಾಗಿ ಬಿಡಿಸಿಟ್ಟರೆ ಈ ಮೂರಕ್ಕೂ ಉತ್ತರ ಸಿಗದು. ಫೋನ್ ಸುಮ್ಮನಾಗುತ್ತದೆ.

ಕನ್ನಡಕ್ಕೆ ಇನ್ನೊಂದು ತೊಡಕೂ ಇದೆ. ನುಡಿ, ಬರಹದಂಥ ಹಳೆಯ ಆಸ್ಕಿ ಅಕ್ಷರಶೈಲಿಗಳು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ್ದವು. ಅವುಗಳಲ್ಲಿ ‘ಕನ್ನಡ’ ಎಂದು ಟೈಪಿಸಿದರೆ ಕಣ್ಣಿಗೆ ಕನ್ನಡವೇ ಕಾಣುತ್ತದೆ. ಕಂಪ್ಯೂಟರಿನ ನೆನಪಿನಲ್ಲಿ ಉಳಿಯುವುದು ಮಾತ್ರ ‘ಕ’ಗೆ ಇಂಗ್ಲಿಷಿನ ಪಿ, ‘ನ’ಗೆ ಪೌಂಡ್ ಹಣದ ಚಿಹ್ನೆ, ‘ಡ’ಗೆ ಕ್ಯೂ, ನಡುನಡುವೆ ಇನ್ನಷ್ಟು ಗುರುತುಗಳು. ಸ್ಕ್ರೀನ್ ರೀಡರ್ ಅದನ್ನೇ ಓದುತ್ತದೆ. ಕಿವಿಗೊಟ್ಟು ಕುಳಿತ ಮಗುವಿಗೆ ಅರ್ಥವಿಲ್ಲದ ಸದ್ದು ಕೇಳುತ್ತದೆ. ಯೂನಿಕೋಡ್‌ನಲ್ಲಿ ಹೀಗಾಗದು. ಅಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ತನ್ನದೇ ಸಂಖ್ಯೆಯಿದೆ. ‘ಕ’ದ ಸಂಖ್ಯೆ 3221. ಜಗತ್ತಿನ ಯಾವ ಯಂತ್ರದಲ್ಲೂ ಆ ಸಂಖ್ಯೆ ‘ಕ’ವೇ. ಹಳೆಯ ಟಿಪ್ಪಣಿಗಳನ್ನು ಯೂನಿಕೋಡಿಗೆ ಬದಲಿಸುವ ಉಚಿತ ಸಾಧನಗಳೂ ಇವೆ. ಪುಸ್ತಕದ ಪುಟವನ್ನು ಫೋಟೊ ತೆಗೆದು ವಾಟ್ಸ್‌ಆ್ಯಪ್‌ಗೆ ಹಾಕಿದರಂತೂ ಅದರಲ್ಲಿ ಅಕ್ಷರವೇ ಇರುವುದಿಲ್ಲ, ಇರುವುದು ಚುಕ್ಕಿಗಳಷ್ಟೇ.

ಚಿತ್ರಗಳಿಗೆ ಮಾತಿನ ವಿವರಣೆ ಬೇಕು. ‘ಚಿತ್ರ 2’ ಎಂದರೆ ಏನೂ ತಿಳಿಯದು. ‘ಅಜ್ಜಂಪುರದ ಅಮೃತಮಹಲ್ ಹಸು’ ಎಂದರೆ ಉತ್ತರವನ್ನೇ ಬಿಟ್ಟುಕೊಟ್ಟಂತೆ. ‘ಹಿಂದಕ್ಕೆ ಬಾಗಿದ, ಉದ್ದನೆಯ ಚೂಪು ಕೊಂಬುಗಳ ಹಸು’ ಎಂದು ಬರೆದರೆ, ಕಣ್ಣಿರುವ ಮಗು ಚಿತ್ರದಿಂದ ಪಡೆಯುವ ಸುಳಿವೇ ಕಾಣದ ಮಗುವಿಗೂ ಸಿಗುತ್ತದೆ. ವಿವರಣೆ ಬರೆಯುವುದೂ ಪಾಠ ಮಾಡಿದಂತೆಯೇ. ಅದನ್ನು ವಿಷಯ ಬಲ್ಲ ಮೇಷ್ಟ್ರೇ ಬರೆಯಬೇಕು.

ಇನ್ನು ಎಳೆದು ಬಿಡುವ ಆಟ. ಕೈ ನಡುಗುವ, ಬೆರಳು ಸ್ವಾಧೀನದಲ್ಲಿಲ್ಲದ ಮಗುವಿಗೆ ಚಿತ್ರವನ್ನು ಒತ್ತಿಹಿಡಿದು ಸಾಗಿಸುವುದು ದೊಡ್ಡ ಸಾಹಸ. ವೆಬ್ ಮಾನದಂಡಗಳನ್ನು ರೂಪಿಸುವ ಡಬ್ಲ್ಯೂ3ಸಿ ಸಂಸ್ಥೆ 2023ರ ಅಕ್ಟೋಬರಿನಲ್ಲಿ ಹೊರತಂದ 2.2ನೇ ಆವೃತ್ತಿಯ ಮಾರ್ಗಸೂಚಿ ಇದಕ್ಕೆ ದಾರಿ ಹೇಳಿದೆ: ಎಳೆದು ಮಾಡುವ ಕೆಲಸವನ್ನು ಎಳೆಯದೆಯೂ ಮಾಡಲು ಬರಬೇಕು. ಚಿತ್ರವನ್ನೊಮ್ಮೆ, ತಾಲ್ಲೂಕನ್ನೊಮ್ಮೆ ಮುಟ್ಟಿದರೆ ಸಾಕು ಎಂದಾಗಲಿ. ಕೆಂಪು-ಹಸಿರು ಬೇರೆಬೇರೆಯಾಗಿ ಕಾಣದ ಮಕ್ಕಳೂ ಇರುತ್ತಾರೆ. ಬಣ್ಣದ ಜೊತೆಗೆ ‘ಸರಿ’, ‘ತಪ್ಪು’ ಎಂಬ ಪದವೂ ಮೂಡಲಿ. ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5ಕ್ಕೆ 1ರಷ್ಟು ಹೊಳಪಿನ ಅಂತರ ಇರಬೇಕೆನ್ನುತ್ತದೆ ಅದೇ ಮಾರ್ಗಸೂಚಿ. ಬಿಳಿಯ ಮೇಲೆ ಕಪ್ಪಿಗೆ ಇದು 21. ಬಿಳಿಯ ಮೇಲೆ ಹಳದಿಗೆ ಒಂದಕ್ಕಿಂತ ತುಸುವೇ ಹೆಚ್ಚು. ವಿಡಿಯೊಗೆ ಕನ್ನಡದ ಅಡಿಬರಹ ಬೇಕು. ಸಂಜ್ಞೆಯೇ ಮೊದಲ ಭಾಷೆಯಾದ ಕಿವುಡ ಮಕ್ಕಳಿಗೆ ಅಷ್ಟು ಸಾಲದು. ಭಾರತೀಯ ಸಂಜ್ಞಾ ಭಾಷೆಯ ನಿರೂಪಣೆಯೂ ಬೇಕು.

ಇದೆಲ್ಲ ಆಗುವ ಮಾತೇ? ಆಗುತ್ತದೆ. ನೊಬೆಲ್ ಪುರಸ್ಕೃತ ಭೌತವಿಜ್ಞಾನಿ ಕಾರ್ಲ್ ವೀಮನ್ 2002ರಲ್ಲಿ ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ ಆರಂಭಿಸಿದ ‘ಫೆಟ್’ ಯೋಜನೆಯ, ಪರದೆಯ ಮೇಲೆ ಮಾಡಿನೋಡುವ ವಿಜ್ಞಾನದ ಪ್ರಯೋಗಗಳು ಕನ್ನಡದಲ್ಲೂ ಸಿಗುತ್ತವೆ. ಅವುಗಳಲ್ಲಿ ಕೆಲವನ್ನು ಕೀಲಿಮಣೆಯಿಂದಲೇ ನಡೆಸಬಹುದು. ಬಲೂನನ್ನು ಸ್ವೆಟರಿಗೆ ಉಜ್ಜಿ ಸ್ಥಾಯಿ ವಿದ್ಯುತ್ತನ್ನು ತೋರಿಸುವ ಪ್ರಯೋಗದಲ್ಲಿ, ಬಲೂನು ಎಲ್ಲಿದೆ, ಅದಕ್ಕೆ ಏನಾಯಿತು ಎಂಬುದನ್ನು ಹೆಜ್ಜೆಹೆಜ್ಜೆಗೂ ಮಾತಿನಲ್ಲಿ ಹೇಳುವ ವ್ಯವಸ್ಥೆಯಿದೆ. ಪರದೆಯ ಚಿತ್ರದ ಬೆನ್ನಿಗೇ, ಕಣ್ಣಿಗೆ ಕಾಣದಂತೆ, ಪದಗಳ ಪುಟವೊಂದನ್ನು ಹೆಣೆದಿರುವುದೇ ಇದರ ಗುಟ್ಟು.

ಇದು ಕರುಣೆಯ ವಿಷಯವಲ್ಲ, ಹಕ್ಕಿನ ವಿಷಯ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಗುರುತಿಸಿದೆ. ಸರ್ಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಶಾಲೆಗಳು ಎಲ್ಲ ಮಕ್ಕಳನ್ನೂ ಜೊತೆಯಲ್ಲೇ ಕಲಿಸಬೇಕು ಎಂದಿದೆ. ಜೊತೆಯಲ್ಲಿ ಕೂರಿಸಿ, ತೆರೆಯಲಾಗದ ಪಾಠ ಕೊಟ್ಟರೆ ಕಲಿಸಿದಂತಾಗದು. ಕ್ಷೇತ್ರ ಸಂಪನ್ಮೂಲ ಕೇಂದ್ರಗಳಲ್ಲಿ ವಿಶೇಷ ಅಗತ್ಯದ ಮಕ್ಕಳಿಗಾಗಿ ಬಿ.ಐ.ಇ.ಆರ್.ಟಿ. ಶಿಕ್ಷಕರಿದ್ದಾರೆ. ಪಾಠ ಮುಗಿದ ಮೇಲೆ ಅವರಿಗೆ ತೋರಿಸುವ ಬದಲು, ಪಾಠ ಹೆಣೆಯುವಾಗಲೇ ಅವರನ್ನು ಕರೆದು ಕೇಳಬೇಕು. ಕಟ್ಟಿದ ಮೇಲೆ ಗೋಡೆ ಒಡೆದು ಬಾಗಿಲಿಡುವುದು ಕಷ್ಟ.

ಶಿಕ್ಷಕ ಮಿತ್ರರೇ, ಮುಂದಿನ ಪಾಠವನ್ನು ಮಕ್ಕಳಿಗೆ ಕಳುಹಿಸುವ ಮೊದಲು ಐದು ನಿಮಿಷ ಮೀಸಲಿಡಿ. ಫೋನಿನ ಟಾಕ್‌ಬ್ಯಾಕ್ ಚಾಲೂ ಮಾಡಿ, ಕಣ್ಣು ಮುಚ್ಚಿ, ನಿಮ್ಮ ಪಾಠವನ್ನು ನೀವೇ ಕೇಳಿ. ಎಲ್ಲಿ ಫೋನ್ ಮೌನವಾಗುತ್ತದೋ ಅಲ್ಲೊಂದು ಮಗು ನಿಂತುಬಿಟ್ಟಿದೆ ಎಂದು ತಿಳಿಯಿರಿ. ತಿದ್ದುವ ಕೆಲಸವನ್ನು ಅಲ್ಲಿಂದಲೇ ಶುರುಮಾಡಿ.