ನೂರು ಪಟ್ಟು ಫಲಕದ್ದು, ಉಳಿದದ್ದು ಗಣಿಯದ್ದು

ಭೂಮಿಯ ಹೊರಪದರದಲ್ಲಿ ಒಂದು ಟನ್ ಬಂಡೆಗೆ ಸರಾಸರಿ ಸುಮಾರು 60 ಗ್ರಾಂ ತಾಮ್ರವಿದೆ. ಅಂದರೆ ಶೇ 0.006. ಇಂದಿನ ದೊಡ್ಡ ತೆರೆದ ಗಣಿಗಳು ಶೇ 0.6ರ ಆಸುಪಾಸಿನ ಅದಿರನ್ನೂ ಅಗೆಯುತ್ತವೆ. ನಡುವಿನ ನೂರು ಪಟ್ಟು ಸಾಂದ್ರತೆಗೆ ಯಾವ ಕಂಪನಿಯೂ ಹಣ ತೆತ್ತಿಲ್ಲ. ಶೇ 0.6ರಿಂದ ಶುದ್ಧ ಲೋಹದವರೆಗಿನ ಸುಮಾರು 167 ಪಟ್ಟು ಮಾತ್ರ ಗಣಿಯ ಲೆಕ್ಕಕ್ಕೆ ಬೀಳುತ್ತದೆ.

ಮೊದಲ ನೂರು ಪಟ್ಟಿನ ಕೆಲಸ ಚಿಲಿಯ ಕರಾವಳಿಯಾಚೆ ಈಗಲೂ ನಡೆದಿದೆ. ಅಲ್ಲಿ ನಾಸ್ಕಾ ಭೂಫಲಕ ದಕ್ಷಿಣ ಅಮೆರಿಕದ ಫಲಕದ ಅಡಿಗೆ ವರ್ಷಕ್ಕೆ ಸುಮಾರು 7 ಸೆಂ.ಮೀ. ಜಾರುತ್ತದೆ, 10 ಲಕ್ಷ ವರ್ಷಕ್ಕೆ 70 ಕಿ.ಮೀ. ಸುಮಾರು 100 ಕಿ.ಮೀ. ಆಳದಲ್ಲಿ ಮುಳುಗಿದ ಫಲಕದ ಖನಿಜಗಳಿಂದ ನೀರು ಹೊರಬಿದ್ದು, ಮೇಲಿನ ಬಂಡೆ ಕಡಿಮೆ ಶಾಖಕ್ಕೇ ಕರಗುತ್ತದೆ. ನೀರು, ಕ್ಲೋರಿನ್, ಗಂಧಕ ತುಂಬಿದ ಆ ಶಿಲಾಪಾಕ ನೆಲಮಟ್ಟದಿಂದ 1ರಿಂದ 5 ಕಿ.ಮೀ. ಆಳದವರೆಗೆ ಏರಿದಾಗ ಬಿಸಿ ಉಪ್ಪುನೀರು ಬೇರ್ಪಟ್ಟು, ತಾಮ್ರವನ್ನು ಹೊತ್ತೊಯ್ದು ಬಂಡೆಯ ಬಿರುಕುಗಳಲ್ಲಿ ಇಳಿಸುತ್ತದೆ. ಇಂಥ ನಿಕ್ಷೇಪಕ್ಕೆ ಪಾರ್ಫಿರಿ ಎಂದು ಹೆಸರು. ಜಗತ್ತಿನ ತಾಮ್ರದಲ್ಲಿ ಶೇ 60ಕ್ಕಿಂತ ಹೆಚ್ಚು ಪಾರ್ಫಿರಿಗಳದ್ದೇ.

2024ರಲ್ಲಿ ಚಿಲಿ ತೆಗೆದದ್ದು ಸುಮಾರು 55 ಲಕ್ಷ ಟನ್ ತಾಮ್ರ, ಹಿಂದಿನ ವರ್ಷಕ್ಕಿಂತ ಶೇ 5ರಷ್ಟು ಹೆಚ್ಚು. ಜಾಗತಿಕ ಉತ್ಪಾದನೆಯ ಸುಮಾರು ಕಾಲುಭಾಗ. ಎಸ್ಕೊಂಡಿಡಾ ಗಣಿಯೊಂದೇ 2025ರ ಜೂನ್‌ಗೆ ಮುಗಿದ ಹಣಕಾಸು ವರ್ಷದಲ್ಲಿ ಸುಮಾರು 13 ಲಕ್ಷ ಟನ್ ಕೊಟ್ಟಿತು, ಏರಿಕೆ ಶೇ 16.

ಎಸ್ಕೊಂಡಿಡಾದ ವಯಸ್ಸು 4 ಕೋಟಿ ವರ್ಷಕ್ಕೂ ಕಡಿಮೆ. ಚಿಲಿಯದೇ ಇನ್ನೊಂದು ಗಣಿ ಎಲ್ ಟೆನಿಯೆಂಟೆಯದು 50 ಲಕ್ಷದ ಸುಮಾರು. ಪಾರ್ಫಿರಿಗಳು ಹೀಗೆ ಎಳೆಯವಾಗಿರಲು ಕಾರಣ ಸವೆತ. ವರ್ಷಕ್ಕೆ 0.1 ಮಿ.ಮೀ. ಸವೆದರೂ 4 ಕೋಟಿ ವರ್ಷದಲ್ಲಿ 4 ಕಿ.ಮೀ. ನೆಲ ಹೋಗುತ್ತದೆ, ಅದರೊಂದಿಗೆ ಅದಿರೂ. ಎಸ್ಕೊಂಡಿಡಾ ಇರುವ ಅಟಕಾಮಾ ಮರುಭೂಮಿಯಲ್ಲಿ ಮಳೆ ತೀರಾ ಕಡಿಮೆಯಾದ್ದರಿಂದ ನಿಕ್ಷೇಪ ಉಳಿದಿದೆ. ಆ ಪ್ರದೇಶ ಒಣಗುವ ಮುನ್ನ ಇಳಿದ ನೀರು ಮೇಲ್ಪದರದ ತಾಮ್ರವನ್ನು ಕರಗಿಸಿ ಕೆಳಗೆ ಮತ್ತೆ ಶೇಖರಿಸಿದ್ದು ಇನ್ನೊಂದು ಲಾಭ. ಮಧ್ಯಪ್ರದೇಶದ ಮಲಾಂಜಖಂಡದ ಅದಿರು ಸುಮಾರು 250 ಕೋಟಿ ವರ್ಷ ಹಳೆಯದು. ಅಷ್ಟು ಹಳೆಯದು ಉಳಿದಿರುವುದೇ ಅಪರೂಪ.

ಇನ್ನು ಬೆಲೆ. 2024ರ ಸರಾಸರಿ ದರ ಟನ್ನಿಗೆ ಸುಮಾರು 9,100 ಡಾಲರ್, ಅಂದಾಜು 7.6 ಲಕ್ಷ ರೂಪಾಯಿ. ಶೇ 85ರಷ್ಟು ತಾಮ್ರ ಕೈಗೆ ಸಿಗುತ್ತದೆಂದು ಹಿಡಿದರೆ, ಶೇ 1ರ ಅದಿರಿನ ಒಂದು ಟನ್ನಿನಿಂದ ಸಿಗುವುದು 6,460 ರೂಪಾಯಿಯ ಲೋಹ, ಶೇ 0.6ರದ್ದರಿಂದ 3,876. ಅಗೆತ, ಪುಡಿಮಾಡುವಿಕೆ, ನೀರು, ಸಾಗಣೆ, ಕರಗಿಸುವಿಕೆ ಎಲ್ಲವೂ ಇದರೊಳಗೇ ಮುಗಿಯಬೇಕು. ಅದಿರು ಶೇ 1ರಿಂದ 0.6ಕ್ಕೆ ಇಳಿದರೆ ಒಂದು ಟನ್ ತಾಮ್ರಕ್ಕೆ ಬೇಕಾದ ಅದಿರು 118 ಟನ್ನಿನಿಂದ 196ಕ್ಕೆ ಏರುತ್ತದೆ. ತೆಗೆದು ಪಕ್ಕಕ್ಕೆ ಹಾಕುವ ಬರಿ ಬಂಡೆ ಬೇರೆ.

ಕಾಂಗೋದ ಲೆಕ್ಕ ಬೇರೆ. ಅಲ್ಲಿ ತಾಮ್ರಕ್ಕೆ ಎಡೆ ಮಾಡಿದ್ದು ಫಲಕದ ಸೀಳು. ಸೀಳಿನ ತಗ್ಗಿನಲ್ಲಿ ತುಂಬಿದ ಕೆಸರುಗಲ್ಲಿನ ಪದರಗಳಲ್ಲಿ ತಾಮ್ರ ನಿಂತಿತು. ಕಾಮೋವಾ-ಕಾಕುಲಾ ಗಣಿಯ ಅದಿರು 2024ರಲ್ಲಿ ಶೇ 5ರ ಸುಮಾರಿತ್ತು: ಇದೇ ಲೆಕ್ಕದಲ್ಲಿ ಟನ್ ತಾಮ್ರಕ್ಕೆ 24 ಟನ್ ಸಾಕು, ಟನ್ ಅದಿರಿಗೆ 32,300 ರೂಪಾಯಿ. 2023ರಲ್ಲಿ ಸುಮಾರು 29 ಲಕ್ಷ ಟನ್ ಇದ್ದ ಕಾಂಗೋದ ಉತ್ಪಾದನೆ 2024ರಲ್ಲಿ 33 ಲಕ್ಷಕ್ಕೇರಿ, ಪೆರುವನ್ನು ಮೂರನೆಯ ಸ್ಥಾನದಲ್ಲಿ ಬಿಟ್ಟಿತು.